ಅಜ್ಜಿ ಒಗೆದ ಕತ್ತಲೆ

ನಮ್ಮ ಮನೆಯಲ್ಲಿ ಯಾವ ವಸ್ತುವೂ ನೀರು ಕಾಣದೆ ಒಳಗೆ ಬರುವಂತಿರಲಿಲ್ಲ. ತರಕಾರಿ, ಹೊಸ ಸ್ಟೀಲ್ ಡಬ್ಬಿ, ಅಂಗಡಿಯಿಂದ ಆಗಷ್ಟೇ ತಂದ ಬಟ್ಟೆ, ಅಪ್ಪನ ಕಚೇರಿ ಚೀಲ, ಒಮ್ಮೆ ನನ್ನ ಕೇರಂ ಬೋರ್ಡ್ ಕೂಡ, ಅಜ್ಜಿಯ ಕೈಯಲ್ಲಿ ಒಂದು ಸಲ ನೆನೆದ ಮೇಲೆಯೇ ಮನೆಯದಾಗಬೇಕಿತ್ತು. ಕೇರಂ ಬೋರ್ಡ್ ಆ ಮಡಿಯನ್ನು ತಾಳಲಾರದೆ ಹಪ್ಪಳದಂತೆ ಉಬ್ಬಿಹೋಯಿತು. ದೆಹಲಿಯ ಅಂಚಿನ ದ್ವಾರಕಾಕ್ಕೆ ಆಗ ಮೆಟ್ರೋ ಬಂದಿತ್ತು, ನೀರು ಇನ್ನೂ ಸರಿಯಾಗಿ ಬಂದಿರಲಿಲ್ಲ. ಸೊಸೈಟಿಯ ಗೇಟಿನಲ್ಲಿ ಟ್ಯಾಂಕರಿನ ಹಾರ್ನ್ ಕೇಳಿದರೆ ಉಳಿದ ಮನೆಯವರು ಕುಡಿಯುವ ನೀರಿಗೆ ಪಾತ್ರೆ ಹುಡುಕುತ್ತಿದ್ದರು. ನಮ್ಮ ಅಜ್ಜಿ ಒಗೆಯುವ ಬಕೆಟ್ ಹುಡುಕುತ್ತಿದ್ದಳು. ಹಿಂದಿನ ಬಾಲ್ಕನಿ ಅವಳ ರಾಜ್ಯ. ಅಲ್ಲಿ ಕೆಂಪು ಬಕೆಟ್ ನೆನೆಸುವುದಕ್ಕೆ, ನೀಲಿ ಬಕೆಟ್ ಹಿಂಡುವುದಕ್ಕೆ, ಮೂಲೆಯಲ್ಲಿ ಬಿಳುಪು ಬರಿಸುವ ಪುಡಿಯ ದೊಡ್ಡ ಡಬ್ಬ. ಮನೆಯಲ್ಲಿ ವಾಷಿಂಗ್ ಮಷೀನ್ ಇತ್ತು. ಅದರ ಮೇಲೆ ಅವಳು ಹಪ್ಪಳ ಒಣಗಿಸುತ್ತಿದ್ದಳು.

ನಾನು ನಾಚಿಕೆಯ ಮಗು. ಯಾವುದಕ್ಕೆ ಎಂದು ಕೇಳಿದರೆ ಹೇಳುವುದು ಕಷ್ಟ, ಎಲ್ಲಕ್ಕೂ ನಾಚುತ್ತಿದ್ದೆ. ಡಬ್ಬಿಯಲ್ಲಿ ಪುಳಿಯೋಗರೆ ಇದ್ದರೆ ಮುಚ್ಚಳವನ್ನು ಅರ್ಧ ತೆರೆದು ತಿನ್ನುತ್ತಿದ್ದೆ. ಅಜ್ಜಿ ಬಾಲ್ಕನಿಯಿಂದ ತರಕಾರಿ ಭಯ್ಯಾನ ಜೊತೆ ಕನ್ನಡದಲ್ಲೇ ಚೌಕಾಸಿಗಿಳಿದರೆ, ಕೆಳಗೆ ಆಡುತ್ತಿದ್ದ ನಾನು ಅವಳು ಬೇರೆ ಯಾರದೋ ಅಜ್ಜಿ ಎಂಬಂತೆ ಬೆನ್ನು ತಿರುಗಿಸುತ್ತಿದ್ದೆ. ಅಪ್ಪ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ದಿನಾ ಚಾರ್ಟರ್ಡ್ ಬಸ್ಸಿನಲ್ಲಿ ಇಸ್ಪೀಟಾಡುತ್ತಾ ಹೋಗಿ ಇಸ್ಪೀಟಾಡುತ್ತಾ ಬರುತ್ತಿದ್ದರು. ಸಂಜೆಯಾದರೆ ಅವರು ನಮ್ಮ ಸುತ್ತಲಿನ ಸೊಸೈಟಿಗಳ ಕನ್ನಡ ಬಳಗದ ಕಾರ್ಯದರ್ಶಿ. ಬಸ್ಸಿನಲ್ಲಿ ಅವರು ಜೋರಾಗಿ ನಗುವುದೂ ನನಗೆ ನಾಚಿಕೆಯೇ. ಆದರೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ಅಮ್ಮನ ವಿಷಯಕ್ಕೆ. ಗೆಳತಿಯರ ಅಮ್ಮಂದಿರು ಟೀಚರ್, ಡಾಕ್ಟರ್, ಇಲ್ಲವೇ ಮನೆಯಲ್ಲಿರುವವರು. ನನ್ನ ಅಮ್ಮ ದಕ್ಷಿಣ ದೆಹಲಿಯ ಒಂದು ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿ ಕತ್ತಲಲ್ಲಿ ಕೂರುವವಳು. ಪೇರೆಂಟ್ಸ್ ಮೀಟಿಂಗಿಗೆ ಲ್ಯಾಬಿನ ರಬ್ಬರ್ ಚಪ್ಪಲಿಯಲ್ಲೇ ಬಂದು, ಏನು ಕೆಲಸ ಮಾಡುತ್ತೀರಿ ಎಂದು ಟೀಚರ್ ಕೇಳಿದರೆ, ಒಂದು ಕ್ಷಣ ಯೋಚಿಸಿ, "ಲೈಟ್" ಎನ್ನುತ್ತಿದ್ದಳು. ಅಷ್ಟೇ. ಮರುದಿನ ಕ್ಲಾಸಿನಲ್ಲಿ ನನ್ನನ್ನು ಬಿಜ್ಲೀವಾಲಿಯ, ಅಂದರೆ ಕರೆಂಟಿನವಳ, ಮಗಳು ಎಂದರು.

ಒಂದು ರಾತ್ರಿ ಊಟಕ್ಕೆ ಕೂತಾಗ ಅತ್ತುಕೊಂಡೇ ಕೇಳಿದೆ, ನೀನು ಅಲ್ಲಿ ನಿಜವಾಗಿ ಮಾಡುವುದೇನು ಎಂದು. ಅಮ್ಮ ತಟ್ಟೆಯಲ್ಲಿದ್ದ ಸಾರನ್ನ ಕಲೆಸುವುದನ್ನು ನಿಲ್ಲಿಸಿದಳು. ಅವಳಿಗೆ ಸುಲಭದ ಮಾತು ಹುಡುಕುವುದು ಗೊತ್ತಿರಲಿಲ್ಲ, ಆದರೆ ಅವತ್ತು ಹುಡುಕಿದಳು.

"ನೀನು ಬಾತ್‌ರೂಮಲ್ಲಿ ಹಾಡ್ತೀಯಲ್ಲ, ಆಗ ದನಿ ಹೇಗಿರತ್ತೆ?"

"ಜೋರಾಗಿ. ಗೂಂಜ್ತಾ ಹೈ."

"ಹಾಲ್‌ನಲ್ಲಿ ಹಾಡಿದ್ರೆ?"

"ಸಣ್ಣಗೆ."

"ನೀನು ಅವಳೇ, ಗಂಟಲೂ ಅದೇ. ಆದ್ರೂ ಬೇರೆ. ಬೆಳಕೂ ಹಾಗೇ ಪುಟ್ಟಿ. ಒಂದು ಅಣು ಬೆಳಕನ್ನ ತನ್ನಷ್ಟಕ್ಕೆ ತಾನೇ ಉಗುಳತ್ತೆ ಅಂತ ನಾವು ಅಂದ್ಕೊಂಡಿದ್ವಿ. ಹಾಗಲ್ಲ. ಸುತ್ತ ಇರೋ ಖಾಲಿ ಜಾಗ ಅದನ್ನ ಉಗುಳಿಸತ್ತೆ. ಖಾಲಿ ಅಂದ್ರೆ ಏನೂ ಇಲ್ಲ ಅಂತಲ್ಲ. ಅಣುವಿನ ಪಕ್ಕದಲ್ಲಿ ಒಂದು ಕನ್ನಡಿ ಇಟ್ರೆ ಸಾಕು, ಬೇಗ ಉಗುಳತ್ತೆ, ಇಲ್ಲಾ ನಿಧಾನ ಮಾಡತ್ತೆ. ಎಷ್ಟು ಬೇಗ, ಎಷ್ಟು ನಿಧಾನ, ನಾನು ಅದನ್ನ ಅಳೀತೀನಿ."

"ಉಗುಳೋ ಮಾತು ಊಟದ ಹೊತ್ತಲ್ಲಿ ಬೇಡ," ಎಂದಳು ಅಜ್ಜಿ, ಮಜ್ಜಿಗೆ ಬಡಿಸುತ್ತಾ.

ಅಂದಿನಿಂದ ನನಗೆ ಅಮ್ಮನ ಕೆಲಸ ಅರ್ಥವಾಯಿತು ಎಂದರೆ ಸುಳ್ಳು. ಆದರೆ ಅವಳಿಗೆ ಬೇಕಾದದ್ದು ಬೆಳಕಿಗಿಂತ ಹೆಚ್ಚಾಗಿ ಕತ್ತಲೆ ಎಂಬುದಂತೂ ತಿಳಿಯಿತು. ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಒಂದು ಚಿಟಿಕೆಯಷ್ಟು ಹೊಡೆಯುವುದು, ಅಣುಗಳು ಅದನ್ನು ಕುಡಿದು ನೀಲಿ ಬೆಳಕಾಗಿ ತಿರುಗಿ ಕೊಡುವಾಗ ಒಂದೊಂದೇ ಕಣವನ್ನು ಯಂತ್ರದಿಂದ ಎಣಿಸುವುದು, ಇದು ಅವಳ ದಿನಚರಿ. ಆ ಮೇಜಿನ ಸುತ್ತ ಎಲ್ಲಿಂದಲೋ ಒಂದು ಎಳೆ ಬೆಳಕು ನುಸುಳಿದರೂ ಎಣಿಕೆ ಹಾಳು. ಹಾಗಾಗಿ ಮೇಜನ್ನು ನಾಲ್ಕೂ ಕಡೆ ಮುಚ್ಚಲು ದಪ್ಪ ಕಪ್ಪು ಪರದೆ ಬೇಕಿತ್ತು. ಕಚೇರಿಯ ಮೂಲಕ ತರಿಸಿದರೆ ಕಾಗದ ಪತ್ರ ಓಡಾಡಿ ಮುಗಿಯುವಷ್ಟರಲ್ಲಿ ತಾನೇ ನಿವೃತ್ತಳಾಗುತ್ತೇನೆಂದು ಅಮ್ಮ ಒಂದು ಶನಿವಾರ ಲಾಜಪತ್ ನಗರಕ್ಕೆ ಹೋಗಿ ಥಾನುಗಟ್ಟಲೆ ಕಪ್ಪು ಬಟ್ಟೆ ಹೊತ್ತು ತಂದಳು. ಹೊಲಿದವಳು ಅಜ್ಜಿ. ಹಾಲ್‌ನ ಕಿಟಕಿಯ ಬಳಿ ಅವಳ ಹೊಲಿಗೆ ಯಂತ್ರ ಇತ್ತು, ನನ್ನ ಲಂಗಗಳಿಂದ ಹಿಡಿದು ದಿಂಬಿನ ಕವರುಗಳವರೆಗೆ ಎಲ್ಲವೂ ಅದರಿಂದಲೇ ಹುಟ್ಟಿದವು. ಬೆಳಕು ತೂರದ ಹಾಗೆ ಎರಡು ಮಡಿಕೆ ಹಾಕಿ ಹೊಲಿಯಬೇಕೆಂದು ಅಮ್ಮ ಹೇಳಿದ್ದೇ ತಡ, ಅಜ್ಜಿ ಸೂಜಿಯ ತೂತು ಕೂಡ ಕಾಣದ ಹಾಗೆ ಹೊಲಿದುಕೊಟ್ಟಳು. ಸಂಜೆ ಕೆಳಗಿನ ಪಾರ್ಕಿನ ಬೆಂಚಿನಲ್ಲಿ ಕೂರುವ ಕನ್ನಡದ ಹೆಂಗಸರಿಗೆ ಎಷ್ಟೋ ದಿನ ಇದೇ ಕಥೆ. "ನಮ್ಮ ವಸುಧಾಗೆ ಕತ್ತಲೆ ಬೇಕಿತ್ತು, ನಾನೇ ಹೊಲಿದುಕೊಟ್ಟೆ" ಎಂದು ಹೇಳಿ, ಕೊನೆಯಲ್ಲಿ ಮಾಮೂಲಿನ ಮಾತನ್ನೂ ಸೇರಿಸುತ್ತಿದ್ದಳು: "ಓದಿದವಳು, ಪಾಪ, ಬಕೆಟ್ ಮಾತ್ರ ಮುಟ್ಟಲ್ಲ. ಮನೆಮಂದಿ ಬಟ್ಟೆ ಪೂರಾ ನಾನೇ." ಈ ದೂರು ಆ ಬೆಂಚಿನ ಎಲ್ಲರಿಗೂ ಬಾಯಿಪಾಠವಾಗಿತ್ತು.

ಪರದೆ ಮನೆಗೆ ವಾಪಸ್ ಬಂದದ್ದು ಒಂದು ಇಲಿಯ ದೆಸೆಯಿಂದ. ಲ್ಯಾಬಿನಲ್ಲಿ ಇಲಿಯೊಂದು ಪರದೆಯ ಅಂಚನ್ನು ಕಡಿದು, ಅದರ ಮಡಿಕೆಯಲ್ಲೇ ಸತ್ತಿತ್ತು. ಅಮ್ಮ ಹರಿದ ಅಂಚನ್ನು ಹೊಲಿಸಿಕೊಳ್ಳೋಣವೆಂದು ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತುರುಕಿಕೊಂಡು ಬಂದಳು. ಅಜ್ಜಿ ಚೀಲ ಬಿಚ್ಚಿದವಳು ಸೆರಗಿನಿಂದ ಮೂಗು ಮುಚ್ಚಿಕೊಂಡು, ಬಟ್ಟೆಯನ್ನು ಬಾಲ್ಕನಿಗೆ ಎಳೆದೊಯ್ದಳು. ಟ್ಯಾಂಕರ್ ಬಂದಿರಲಿಲ್ಲ. ತನ್ನ ಮಡಿ ಸ್ನಾನಕ್ಕೆಂದು ತೆಗೆದಿಟ್ಟಿದ್ದ ನೀರನ್ನೇ ಸುರಿದು, ಡಬ್ಬದಿಂದ ಪುಡಿ ಬೊಗಸೆಬೊಗಸೆ ಹಾಕಿ, ಆ ಭಾರದ ಬಟ್ಟೆಯನ್ನು ಕಾಲಿನಿಂದ ತುಳಿದು ತುಳಿದು ಒಗೆದಳು. ನೆರಳಲ್ಲಿ ಒಣಗಿಸಿ, ಹೊಲಿದು, ಇಸ್ತ್ರಿ ಹಾಕಿ ಮಡಿಸಿಟ್ಟಳು. ಮರುದಿನ ಅಮ್ಮ ಅದನ್ನು ಎತ್ತಿ ಮುಖಕ್ಕೆ ಒತ್ತಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ.

"ಅತ್ತೆ, ಎಷ್ಟು ಒಳ್ಳೆ ವಾಸನೆ ಬರ್ತಿದೆ!"

"ಸತ್ತದ್ದು ಹೊದ್ದ ಬಟ್ಟೆ. ಹಾಗೇ ಬಿಡಕ್ಕಾಗತ್ತಾ?"

ಅಮ್ಮ ನಗುತ್ತಾ ಬಟ್ಟೆಯನ್ನು ಲ್ಯಾಬಿಗೆ ಒಯ್ದು ನೇತುಹಾಕಿದಳು. ಕೆಲವು ತಿಂಗಳಲ್ಲಿ ಅವಳ ಅಳತೆಯಲ್ಲಿ ಯಾರೂ ಎಣಿಸದ ಏನೋ ಒಂದು ಕಂಡಿತು. ಕನ್ನಡಿಯನ್ನು ಒಂದು ನಿರ್ದಿಷ್ಟ ದೂರಕ್ಕೆ ತಂದರೆ ಅಣುಗಳ ಬೆಳಕು ಲೆಕ್ಕಾಚಾರ ಹೇಳಿದ್ದಕ್ಕಿಂತ ಬಹಳ ಬೇಗ ಆರುತ್ತಿತ್ತು. ಅದು ವಿದೇಶದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಬಳಗದವರೊಬ್ಬರ ಮೂಲಕ ಕನ್ನಡ ದಿನಪತ್ರಿಕೆಗೂ ಸುದ್ದಿ ಹೋಗಿ, ದೆಹಲಿಯ ಕನ್ನಡತಿ ಬೆಳಕಿನ ಗುಟ್ಟು ಹಿಡಿದರು ಎಂಬ ಅರ್ಥದಲ್ಲಿ ಅಮ್ಮನ ಹಳೆಯ ಪಾಸ್‌ಪೋರ್ಟ್ ಫೋಟೋದ ಜೊತೆ ಪ್ರಕಟವಾಯಿತು. ಅಪ್ಪ ಅದನ್ನು ಲ್ಯಾಮಿನೇಷನ್ ಮಾಡಿಸಿ ಚಾರ್ಟರ್ಡ್ ಬಸ್ಸಿನಲ್ಲಿ ಕೈಯಿಂದ ಕೈಗೆ ದಾಟಿಸಿದರು. ಅವತ್ತು ಇಸ್ಪೀಟು ಆಡಲೇ ಇಲ್ಲವಂತೆ. ಬಳಗದ ರಾಜ್ಯೋತ್ಸವದಲ್ಲಿ ಅಮ್ಮನಿಗೆ ಸನ್ಮಾನವೆಂದು ಕಾರ್ಯದರ್ಶಿಯೇ ಮುಂದೆ ನಿಂತು ತೀರ್ಮಾನ ಮಾಡಿಸಿದರು. ಅಜ್ಜಿ ಪೇಡೆ ಹಂಚಿದಳು. ಶಾಲೆಯ ಅಸೆಂಬ್ಲಿಯಲ್ಲಿ ಪ್ರಿನ್ಸಿಪಾಲರು ಮೈಕಿನಲ್ಲಿ ಅಮ್ಮನ ಹೆಸರು ಹೇಳಿದರು, ತಪ್ಪುತಪ್ಪಾಗಿ. ನನ್ನ ಬದುಕಿನಲ್ಲಿ ಮೊದಲ ಸಲ ನಾನು ತಲೆಯೆತ್ತಿ ನಿಂತೆ. ಪುಳಿಯೋಗರೆ ಡಬ್ಬಿಯ ಮುಚ್ಚಳ ಪೂರ್ತಿ ತೆರೆದೆ.

ಆ ಹುಮ್ಮಸ್ಸಿನಲ್ಲಿಯೇ ನನ್ನ ಹುಟ್ಟುಹಬ್ಬವನ್ನು ಗುಡಗಾಂವಿನ ಮಾಲ್‌ನಲ್ಲಿ ಮಾಡಬೇಕೆಂದು ಹಟ ಹಿಡಿದೆ. ಅಲ್ಲಿ ಬೌಲಿಂಗ್ ಆಡುವ ಒಂದು ದೊಡ್ಡ ಹಾಲ್ ಹೊಸದಾಗಿ ತೆರೆದಿತ್ತು. ಒಳಗೆ ಮಂಕು ನೇರಳೆ ದೀಪ, ಕಿವಿಗಡಚಿಕ್ಕುವ ಹಾಡು. ಭಾನುವಾರ ಮಧ್ಯಾಹ್ನ ಗೆಳತಿಯರ ಗುಂಪಿನ ಜೊತೆ ನಾವೆಲ್ಲ ಅಲ್ಲಿಗೆ ಹೋದೆವು, ಅಜ್ಜಿಯೂ ಬಂದಳು. ಒಳಗೆ ಕಾಲಿಟ್ಟ ಕೂಡಲೇ ಅಜ್ಜಿ ಹೊತ್ತಿಕೊಂಡಳು. ಅವಳ ಬಿಳಿ ಹತ್ತಿ ಸೀರೆ ಅಡಿಯಿಂದ ಮುಡಿಯವರೆಗೆ ಟ್ಯೂಬ್‌ಲೈಟಿನ ಹಾಗೆ ನೀಲಿಯಾಗಿ ಬೆಳಗಿತು. ಅಪ್ಪನ ಶರಟೂ ಬೆಳಗಿತು, ಆದರೆ ಅಜ್ಜಿಯಷ್ಟಲ್ಲ.

"ಅರೇ ದೇಖೋ, ದಾದಿ ಚಮಕ್ ರಹೀ ಹೈ!" ಎಂದು ಹೊಳೆಯುವ ಅಜ್ಜಿಯನ್ನು ತೋರಿಸಿ ಗೆಳತಿಯರು ಕುಣಿದರು. ಅಕ್ಕಪಕ್ಕದವರೂ ತಿರುಗಿ ನೋಡಿ ನಕ್ಕರು. ಅಜ್ಜಿಗೆ ಏನೆಂದು ತಿಳಿಯದೆ ಅವಳೂ ನಕ್ಕು ಕೈಮುಗಿದಳು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅಮ್ಮ ಏನಾದರೂ ಮಾಡಲಿ ಎಂದು ಅವಳ ಕಡೆ ತಿರುಗಿದರೆ, ಅವಳು ಅಜ್ಜಿಯನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು. ಅವತ್ತು ನಾನು ತೊಟ್ಟಿದ್ದದ್ದು ಕಪ್ಪು ಟೀಶರ್ಟ್. ಅಮ್ಮ ಬಗ್ಗಿ, ನನ್ನ ಟೀಶರ್ಟಿನ ಅಂಚನ್ನು ಬೆರಳಲ್ಲಿ ಹಿಡಿದು ದೀಪದ ಕೆಳಗೆ ತಿರುಗಿಸಿದಳು. ಕಪ್ಪು ಬಟ್ಟೆಯ ಮೇಲೆ, ಹೊಲಿಗೆಯ ಮಡಿಕೆಗಳಲ್ಲಿ, ಮಂಕಾಗಿ ನೀಲಿ ಮಚ್ಚೆಗಳು ಬೆಳಗುತ್ತಿದ್ದವು. ಅಮ್ಮ ಎಷ್ಟು ಹೊತ್ತು ಹಾಗೇ ಹಿಡಿದು ನಿಂತಳೆಂದರೆ ನಾನೇ ಅವಳ ಕೈ ಕೊಡವಿದೆ.

"ಇದನ್ನ ಮನೇಲಿ ಒಗೆದಿದ್ದಲ್ವಾ?"

"ಮತ್ತೆಲ್ಲಿ ಒಗೀತಾರೆ? ಮಮ್ಮಾ, ಸಬ್ ದೇಖ್ ರಹೇ ಹೈಂ, ಎಲ್ಲಾರೂ ನೋಡ್ತಿದ್ದಾರೆ!"

"ರೀ, ನಾನು ಲ್ಯಾಬಿಗೆ ಹೋಗ್ಬೇಕು," ಎಂದಳು ಅಮ್ಮ ಅಪ್ಪನಿಗೆ. ಕೇಕ್ ಇನ್ನೂ ಕತ್ತರಿಸಿರಲಿಲ್ಲ. ಬಾಡಿಗೆಯ ಬೌಲಿಂಗ್ ಬೂಟನ್ನು ಕಳಚುವುದನ್ನೂ ಮರೆತು ಹೊರಟಿದ್ದಳು. ಕೌಂಟರಿನ ಹುಡುಗಿ ಕೂಗಿ ಕರೆದು ಬಿಚ್ಚಿಸಿಕೊಂಡಳು. ಅದನ್ನೂ ನನ್ನ ಗೆಳತಿಯರು ನೋಡಿದರು.

ಮರುದಿನ ಸಂಜೆ ಅಮ್ಮ ಬಂದು, ಕೈಕಾಲು ತೊಳೆಯದೆ ಊಟದ ಮೇಜಿನ ಮುಂದೆ ಕೂತಳು. ಆ ಮನೆಯಲ್ಲಿ ಕೈಕಾಲು ತೊಳೆಯದೆ ಕೂತಾಗಲೇ ಏನೋ ಆಗಿದೆ ಎಂದು ನನಗೆ ಗೊತ್ತಾಯಿತು. ಬಟ್ಟೆಗೆ ಬಿಳುಪು ತರುವ ಪುಡಿಯಲ್ಲಿ ಒಂದು ವಸ್ತುವಿರುತ್ತದಂತೆ. ಅದು ಕಾಣದ ಬೆಳಕನ್ನು ಕುಡಿದು ನೀಲಿ ಬೆಳಕನ್ನು ಕೊಡುತ್ತದೆ, ಅಮ್ಮನ ಅಣುಗಳ ಹಾಗೆಯೇ, ಆದರೆ ಅವಕ್ಕಿಂತ ಬೇಗ ಆರುತ್ತದೆ. ಮಾಲ್‌ನ ನೇರಳೆ ದೀಪದಲ್ಲಿದ್ದದ್ದೂ ಅದೇ ಕಾಣದ ಬೆಳಕಂತೆ. ಕನ್ನಡಿಯನ್ನು ಸರಿಸಿದಾಗಲೆಲ್ಲ ತಿರುಗಿಬಂದ ಕಿರಣ ಪರದೆಯ ಒಂದೊಂದು ಜಾಗಕ್ಕೆ ಬಿದ್ದು ಪರದೆಯೇ ಬೆಳಗಿದೆ. ಯಂತ್ರ ಆ ಬೆಳಕನ್ನೂ ಸೇರಿಸಿ ಎಣಿಸಿದೆ. ಅಣುಗಳಿಲ್ಲದೆ ಬರಿಯ ಕತ್ತಲೆಯನ್ನು ಎಣಿಸಿ ಲೆಕ್ಕದಿಂದ ಕಳೆಯುವ ಕ್ರಮ ಅವರಲ್ಲಿ ಉಂಟು. ಅಮ್ಮ ಕಳೆದದ್ದು ಬಟ್ಟೆ ಒಗೆಯುವುದಕ್ಕೆ ಮುಂಚಿನ ಕತ್ತಲೆಯನ್ನು. ಹೊಸ ಕತ್ತಲೆಯನ್ನು ಅವಳು ಅಳೆಯಲೇ ಇಲ್ಲ. ಇಷ್ಟನ್ನೂ ಅವಳು ಯಾರ ಮುಖವನ್ನೂ ನೋಡದೆ, ಮೇಜಿನ ಮೇಲಿದ್ದ ಉಪ್ಪಿನಕಾಯಿ ಜಾಡಿಗೆ ಹೇಳುವಂತೆ ಹೇಳಿದಳು.

"ಪತ್ರಿಕೆಗೆ ಬರೀತೀನಿ. ಲೇಖನ ವಾಪಸ್ ತಗೋತೀನಿ. ಭಾನುವಾರದ ಸನ್ಮಾನ ಬೇಡ."

ಅಪ್ಪನ ಮುಖ ಇಳಿದುಹೋಯಿತು. "ಬೇಡ ಅಂದ್ರೆ? ಚೀಫ್ ಗೆಸ್ಟ್ ಬೆಂಗಳೂರಿಂದ ಬರ್ತಿದ್ದಾರೆ, ಚಾಣಕ್ಯಪುರಿ ಗೆಸ್ಟ್‌ಹೌಸಲ್ಲಿ ರೂಮ್ ಹೇಳಿಯಾಗಿದೆ. ಕಾರ್ಡ್ ಹಂಚಿ ಆಗಿದೆ ವಸುಧಾ. ಸನ್ಮಾನ ಆಗಿಬಿಡ್ಲಿ. ಆಮೇಲೆ ನಿಧಾನವಾಗಿ ವಾಪಸ್ ತಗೋ, ಇಲ್ಲಿ ಯಾರಿಗೆ ಗೊತ್ತಾಗತ್ತೆ?"

"ನನಗೆ ಗೊತ್ತಿರತ್ತಲ್ರೀ."

"ನನ್ನ ಮರ್ಯಾದೆ ಪ್ರಶ್ನೆ ಅಲ್ವಾ? ನಾಳೆ ಬಸ್ಸಲ್ಲಿ ಮುಖ ಹೇಗೆ ತೋರಿಸ್ಲಿ?"

"ಗೊತ್ತಿದ್ದೂ ಗೊತ್ತಿದ್ದೂ ಶಾಲು ಹೊದ್ಕೊಳ್ಲಾ?"

ಆಗ ಅಪ್ಪ ಆಡಬಾರದ ಮಾತನ್ನು ಆಡಿದರು. ಕೋಪ ಹೆಂಡತಿಯ ಮೇಲಿತ್ತು, ಬಿದ್ದದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿಯ ಮೇಲೆ. "ಎಲ್ಲಾ ಅಮ್ಮನ ಮಡಿಯಿಂದ. ಹೇಳದೆ ಕೇಳದೆ ಕಂಡಿದ್ದನ್ನೆಲ್ಲ ನೀರಿಗೆ ಅದ್ದೋದು!"

ಅಜ್ಜಿಯ ಕೈಯಲ್ಲಿ ಹುಳಿಯ ಸೌಟಿತ್ತು. ಅವಳು ಅದನ್ನು ಮೆಲ್ಲಗೆ ಪಾತ್ರೆಗೆ ಇಳಿಸಿ, ಕೈಯೊರೆಸಿಕೊಂಡು ಬಂದು ಅಮ್ಮನ ಎದುರಿನ ಕುರ್ಚಿಯಲ್ಲಿ ಕೂತಳು. ಅಷ್ಟು ವರ್ಷದಲ್ಲಿ ಅವಳು ಊಟದ ಮೇಜಿನ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ.

"ನಾನು ಒಗೆದದ್ದು ಬೆಳಗತ್ತಾ ವಸುಧಾ?"

"ಅದು ಪುಡಿದು ಅತ್ತೆ. ಬಟ್ಟೆ ಬಿಳಿ ಆಗಿರಲ್ಲ, ಬಿಳಿ ಅನ್ನಿಸತ್ತೆ. ಅಷ್ಟೇ."

"ಹಾಗಾದ್ರೆ ಕೊಳೆ?"

"ಕೊಳೆ ಹೋಗಿರತ್ತೆ. ನೀವು ಚೆನ್ನಾಗೇ ಒಗೆದಿದ್ರಿ. ತಪ್ಪು ನಂದು. ಸೋಪಿನ ವಾಸನೆ ನನ್ನ ಮೂಗಿಗೆ ಬಂದಿತ್ತು, ನಾನು ಮತ್ತೆ ಅಳೀಬೇಕಿತ್ತು."

ಅಜ್ಜಿ ತಲೆಯಾಡಿಸಿದಳು. ನಂಬಿದಳೆಂದು ನನಗನ್ನಿಸಲಿಲ್ಲ. ಆ ವಾರ ಬಾಲ್ಕನಿಯ ಬಕೆಟುಗಳು ಬೋರಲು ಬಿದ್ದಿದ್ದವು. ಟ್ಯಾಂಕರ್ ಹಾರ್ನ್ ಹೊಡೆದರೂ ಅವಳು ಏಳಲಿಲ್ಲ. ಅಪ್ಪ ತಮ್ಮ ತಾಯಿಯ ಕಣ್ಣು ತಪ್ಪಿಸಿ ಓಡಾಡಿದರು, ಅಮ್ಮ ಎಲ್ಲರ ಕಣ್ಣು ತಪ್ಪಿಸಿದಳು. ನಾನು ಕನ್ನಡಿಯ ಮುಂದೆ ನಿಂತು, ಶಾಲೆಯಲ್ಲಿ ಯಾರಾದರೂ ಕೇಳಿದರೆ ಏನು ಹೇಳುವುದೆಂದು ಹಿಂದಿಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ಒಂದೇ ಮನೆಯಲ್ಲಿ ನಾಲ್ಕು ಜನ ನಾಲ್ಕು ಬಗೆಯಲ್ಲಿ ನಾಚುತ್ತಿದ್ದೆವು. ಯಾರ ನಾಚಿಕೆಯೂ ಇನ್ನೊಬ್ಬರಿಗೆ ಸಮಾಧಾನ ಕೊಡಲಿಲ್ಲ.

ಸನ್ಮಾನವನ್ನು ರದ್ದುಮಾಡಲು ಅಪ್ಪನಿಗೆ ಬಾಯಿ ಬರಲಿಲ್ಲ. ಕೊನೆಗೆ ಅಮ್ಮ, ನಾನೇ ಬಂದು ಹೇಳುತ್ತೇನೆ ಎಂದಳು. ಸೊಸೈಟಿಯ ಕಮ್ಯುನಿಟಿ ಹಾಲ್‌ನಲ್ಲಿ ಭುವನೇಶ್ವರಿಯ ಪಟ, ಕೆಂಪು ಹಳದಿ ಬಂಟಿಂಗು, ಹಿಂದೆ ಕೇಸರಿಬಾತಿನ ಘಮ. ಮುಖ್ಯ ಅತಿಥಿಗಳ ಕಾರು ತಡವಾಗಿ ಬಂತು. ಮಕ್ಕಳು ಹಿಂದಿ ರಾಗದಲ್ಲಿ ಕನ್ನಡ ಹಾಡು ಹಾಡಿದರು. ಅಜ್ಜಿ ಮುಂದಿನ ಸಾಲಿನಲ್ಲಿ, ಪಾರ್ಕಿನ ಬೆಂಚಿನ ಹೆಂಗಸರ ನಡುವೆ ಕೂತಿದ್ದಳು. ಶಾಲಿನ ತಟ್ಟೆ ಮುಂದೆ ಬಂದಾಗ ಅಮ್ಮ ಅದನ್ನು ಕೈಯಿಂದ ತಡೆದು ಮೈಕ್ ತೆಗೆದುಕೊಂಡಳು. ನಾನು ಕುರ್ಚಿಯಲ್ಲಿ ಆದಷ್ಟು ಕೆಳಕ್ಕೆ ಜಾರಿದೆ.

"ಎಲ್ಲರಿಗೂ ನಮಸ್ಕಾರ. ಈ ಶಾಲು ನನಗೆ ಸಲ್ಲಲ್ಲ. ಪೇಪರಿನಲ್ಲಿ ಬಂದ ಸುದ್ದಿ ತಪ್ಪು. ತಪ್ಪು ಪೇಪರಿನವರದ್ದಲ್ಲ, ನನ್ನದು. ನಾನು ಹೊಸದು ಅಂದುಕೊಂಡಿದ್ದ ಬೆಳಕು ಪರದೆ ಬಟ್ಟೆಗೆ ಅಂಟಿದ್ದ ಸೋಪಿನ ಪುಡಿಯದ್ದು. ನಾನು ಅದನ್ನು ಪರೀಕ್ಷೆ ಮಾಡಬೇಕಿತ್ತು, ಮಾಡಲಿಲ್ಲ. ನೀವು ಹೆಮ್ಮೆಪಟ್ಟಿದ್ದಿರಿ. ನನಗೆ ತುಂಬಾ ನಾಚಿಕೆಯಾಗಿದೆ. ಕ್ಷಮಿಸಿ."

ಅಪ್ಪ ಪಕ್ಕದಲ್ಲಿ ಹೂವಿನ ಹಾರ ಹಿಡಿದು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು. ಆಗ ಎರಡನೇ ಸಾಲಿನಲ್ಲಿದ್ದ ನಿವೃತ್ತ ಅಧಿಕಾರಿ ಶೇಷಾದ್ರಿ ಮಾಮ ಎದ್ದರು. ವಾತಾವರಣ ತಿಳಿಯಾಗಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಕೇಳಿದರು ಎಂದು ಈಗ ಅನ್ನಿಸುತ್ತದೆ.

"ಅಲ್ಲಮ್ಮಾ, ಅಂಥಾ ಲ್ಯಾಬಿನ ಬಟ್ಟೇನ ಒಗೆದೋರು ಯಾರು? ಧೋಬಿನಾ?"

ನಗು ಎದ್ದಿತು. ಅಮ್ಮ ಮೈಕನ್ನು ಬಾಯಿಗೆ ಹತ್ತಿರ ತಂದಳು.

"ನಾನೇ ಒಗೆದೆ."

ಸತ್ಯ ಹೇಳಲೆಂದೇ ವೇದಿಕೆ ಹತ್ತಿದವಳು ಅಲ್ಲೇ ನಿಂತು ಸುಳ್ಳು ಹೇಳಿದಳು. ಅದೂ ದಡ್ಡ ಸುಳ್ಳು. ಅತ್ತೆಯನ್ನು ಕಾಪಾಡಬೇಕೆಂಬ ಅವಸರದಲ್ಲಿ ಅವಳಿಗೆ ಒಂದು ಸಂಗತಿ ಹೊಳೆಯಲೇ ಇಲ್ಲ: ವಸುಧಾ ಬಕೆಟ್ ಮುಟ್ಟುವುದಿಲ್ಲವೆಂದು ಆ ಹಾಲ್‌ನಲ್ಲಿದ್ದ ಅರ್ಧ ಜನಕ್ಕೆ ಗೊತ್ತು. ಅಜ್ಜಿಯೇ ವರ್ಷಗಟ್ಟಲೆ ಹೇಳಿ ಹೇಳಿ ಗೊತ್ತುಮಾಡಿಸಿದ್ದಳು. ಮುಂದಿನ ಸಾಲಿನ ಹೆಂಗಸರ ತಲೆಗಳು ಒಂದೊಂದಾಗಿ ಅಜ್ಜಿಯ ಕಡೆ ತಿರುಗಿದವು. ಅಜ್ಜಿ ಯಾರ ಕಡೆಗೂ ತಿರುಗಲಿಲ್ಲ. ಮಡಿಲಲ್ಲಿದ್ದ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಆ ಕೈಗಳನ್ನು ನಾನು ಮರೆತಿಲ್ಲ. ಇಷ್ಟು ವರ್ಷ ಕಳೆದು, ನನ್ನ ಮಗಳೇ ನನಗೆ ನಾಚುವ ವಯಸ್ಸಿಗೆ ಬಂದಿರುವಾಗಲೂ, ನಾಚಿಕೆ ಎಂದೊಡನೆ ನನ್ನ ಕಣ್ಣಿಗೆ ಬರುವುದು ಮಾಲ್ ಅಲ್ಲ, ವೇದಿಕೆಯೂ ಅಲ್ಲ, ಸೆರಗಿನೊಳಗೆ ಹೋದ ಆ ಕೈಗಳು. ಅವತ್ತು ನಾನು ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂರಬಹುದಿತ್ತು. ನನಗೆ ನನ್ನದೇ ಸಾಕಾಗಿತ್ತು.

ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ಅಜ್ಜಿ ಸಂಜೆ ಪಾರ್ಕಿಗೆ ಹೋಗುವುದನ್ನು ಬಿಟ್ಟಳು. ಅಮ್ಮ ಮಾತ್ರ ಮರುದಿನದಿಂದಲೇ, ಹೇಳಿದ ಸುಳ್ಳನ್ನು ಹೇಗಾದರೂ ನಿಜ ಮಾಡಿಬಿಡುವವಳಂತೆ, ತನ್ನ ಬಟ್ಟೆಯನ್ನು ತಾನೇ ಒಗೆಯಲು ಶುರುಮಾಡಿದಳು. ಮಷೀನಿಗೂ ಹಾಕದೆ, ಲ್ಯಾಬಿಗೆ ಹೊರಡುವ ಮೊದಲು ಬಾಲ್ಕನಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಉಜ್ಜುತ್ತಿದ್ದಳು. ಅವಳಿಗೆ ಹಿಂಡಲು ಬರುತ್ತಿರಲಿಲ್ಲ. ತಂತಿಯ ಮೇಲೆ ಹಾಕಿದ ಕುರ್ತಾಗಳಿಂದ ನೀರು ಕೆಳಗಿನ ಮನೆಯ ಹಪ್ಪಳದ ಮೇಲೆ ತೊಟ್ಟಿಕ್ಕಿ ಜಗಳವಾಯಿತು. ಅಜ್ಜಿ ದೇವರ ಮನೆಯಿಂದ ಅದನ್ನೆಲ್ಲ ನೋಡುತ್ತಿದ್ದಳು. ಜಗಳವಾಡುವ ಅತ್ತೆ ಸೊಸೆಯರ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೆ. ಒಬ್ಬರಿಗೊಬ್ಬರು ನಾಚಿ ಮಾತು ಬಿಟ್ಟ ಮನೆ ನಮ್ಮದೊಂದೇ. ಅವರಿಬ್ಬರೂ ಇನ್ನು ಮೊದಲಿನ ಹಾಗೆ ಆಗುವುದೇ ಇಲ್ಲವೇನೋ ಎಂದು ನನಗೆ ಭಯ ಹುಟ್ಟಿತು.

ಅಳತೆಯನ್ನೆಲ್ಲ ಮೊದಲಿನಿಂದ ಮಾಡಬೇಕಿತ್ತು, ಅದಕ್ಕೆ ಹೊಸ ಪರದೆ ಬೇಕಿತ್ತು. ಅಮ್ಮ ಮತ್ತೆ ಕಪ್ಪು ಬಟ್ಟೆ ತಂದಳು. ಆದರೆ ಹೊಲಿದುಕೊಡಿ ಎಂದು ಕೇಳುವ ಧೈರ್ಯ ಅವಳಿಗಿರಲಿಲ್ಲ. ದರ್ಜಿಗೆ ಕೊಡುತ್ತೇನೆಂದು ಗೊಣಗಿ, ಪ್ಲಾಸ್ಟಿಕ್ ಕವರನ್ನು ಚಪ್ಪಲಿ ಗೂಡಿನ ಮೇಲಿಟ್ಟು ಒಳಗೆ ಹೋದಳು. ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಹೊಲಿಗೆ ಯಂತ್ರದ ಸದ್ದು ಕೇಳಿತು. ಅಜ್ಜಿ ಆಗಷ್ಟೇ ಸ್ನಾನ ಮುಗಿಸಿ ಮಡಿಸೀರೆ ಉಟ್ಟು ಕೂತಿದ್ದಳು. ಅದೇ ಸೀರೆಯ ಮಡಿಲಲ್ಲಿ, ಅಂಗಡಿಯ ಧೂಳು, ಹತ್ತಾರು ಜನರ ಕೈ, ಬಸ್ಸಿನ ನೆಲ, ಚಪ್ಪಲಿ ಗೂಡು ಎಲ್ಲವನ್ನೂ ಸೋಕಿಸಿಕೊಂಡು ಬಂದ ಆ ಬಟ್ಟೆ. ನೀರಿನ ಹನಿಯೂ ಬಿದ್ದಿರಲಿಲ್ಲ. ಬಾಗಿಲಲ್ಲಿ ಅಮ್ಮ, ಕೈಯಲ್ಲಿ ನೆನೆದ ಬಟ್ಟೆಯ ಬಕೆಟ್ ಹಿಡಿದು, ನನ್ನ ಹಾಗೆಯೇ ನಿಂತುಬಿಟ್ಟಿದ್ದಳು.

"ಅತ್ತೆ, ಮಡಿ..."

"ಆಮೇಲೆ ಇನ್ನೊಂದು ಸ್ನಾನ ಮಾಡ್ತೀನಿ. ನೀರಿದೆ." ಅಜ್ಜಿ ಯಂತ್ರ ನಿಲ್ಲಿಸಲಿಲ್ಲ. ಅಂಚಿನ ಕೊನೆ ಮುಟ್ಟಿದ ಮೇಲೆ ದಾರ ಕಡಿದು, ಬಟ್ಟೆಯನ್ನು ಮಡಿಸಿ, ಕನ್ನಡಕದ ಮೇಲಿಂದ ಸೊಸೆಯನ್ನು ನೋಡಿದಳು. "ಒಗೆದಿಲ್ಲ. ಅಂಗಡಿಯಿಂದ ಹೇಗೆ ಬಂತೋ ಹಾಗೇ ಇದೆ. ಮತ್ತೆ ಇನ್ನೊಂದು ಮಾತು ವಸುಧಾ. ನಾನು ಮಾಡಿದ ಕೆಲಸಾನ ನೀನು ಮಾಡ್ದೆ ಅಂತ ಇನ್ನೊಂದ್ಸಲ ಊರ ಮುಂದೆ ಹೇಳ್ಬೇಡ."

"ಇಲ್ಲ ಅತ್ತೆ."

"ಆ ವಿದೇಶದ ಪತ್ರಿಕೆಗೆ ಬರೆದಿದ್ದೀಯಲ್ಲ, ಅದರಲ್ಲಿ ಏನಂತ ಹಾಕಿದ್ದೀಯಾ?"

"ಅದ್ರಲ್ಲೂ ನಾನೇ ಅಂತ..."

"ತಿದ್ದು."

ಅಮ್ಮ ತಿದ್ದಿದಳು. ವಾಪಸಾತಿಯ ಆ ಪುಟ್ಟ ಟಿಪ್ಪಣಿಯಲ್ಲಿ, ಪರದೆಯನ್ನು ಲೇಖಕಿಯ ಅತ್ತೆಯವರು ಮನೆಯಲ್ಲಿ ಒಗೆದಿದ್ದರು, ಅದು ಗೊತ್ತಿದ್ದೂ ಲೇಖಕಿ ಮರು ಅಳತೆ ಮಾಡಲಿಲ್ಲ ಎಂಬ ಸಾಲು ಅಚ್ಚಾಯಿತು. ಹೊಸ ಪರದೆಯೊಳಗೆ ಅಳೆದಾಗ ಬಂದದ್ದು ಎಲ್ಲರಿಗೂ ಮೊದಲೇ ಗೊತ್ತಿದ್ದ ಉತ್ತರ. ಅದನ್ನು ಯಾವ ಪತ್ರಿಕೆಯೂ ಹಾಕಲಿಲ್ಲ, ಅಪ್ಪ ಲ್ಯಾಮಿನೇಷನ್ ಅಂಗಡಿಗೆ ಹೋಗುವ ಪ್ರಸಂಗ ಬರಲಿಲ್ಲ. ಆದರೆ ಅದು ಆಮೇಲಿನ ಮಾತು. ಪರದೆ ನೇತುಹಾಕಿದ ದಿನ ಸಂಜೆ ಅಮ್ಮ ಮನೆಗೆ ಬಂದಾಗ ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಕತ್ತಲೆ ಸರಿ ಇದೆಯಾ?"

"ಇದೆ ಅತ್ತೆ. ಪೂರ್ತಿ ಕತ್ತಲೆ."

"ನಾನು ಒಗೆದಿಲ್ಲ ಅಂದ್ಮೇಲೂ ಅಳೆದು ನೋಡಿದ್ಯಾ?"

ಅಮ್ಮ ತಲೆ ತಗ್ಗಿಸಿದಳು. "ನೋಡಿದೆ."

"ನೋಡ್ಬೇಕು," ಎಂದಳು ಅಜ್ಜಿ. ಆಮೇಲೆ ಬಾಲ್ಕನಿಗೆ ಹೋಗಿ, ಅಮ್ಮ ಬೆಳಿಗ್ಗೆ ಅರ್ಧ ಹಿಂಡಿ ಬಿಟ್ಟುಹೋಗಿದ್ದ ಕುರ್ತಾಗಳ ಬಕೆಟನ್ನು ತನ್ನ ಕಡೆಗೆ ಎಳೆದುಕೊಂಡಳು.

"ಇದನ್ನ ಇಲ್ಲಿ ಬಿಡು. ನಿನಗೆ ಒಗೆಯಕ್ಕೆ ಬರಲ್ಲ."